ಹಾಜರಿ ಕೂಗಿಸುವ ದೇವೀರಮ್ಮ

ಇದು ಶುರುವಾದದ್ದು ಹೋದ ಕಾರ್ತಿಕದಲ್ಲಿ. ಮಳೆ ಹಿಂದೆ ಸರಿದು ಮಂಜು ಇಳಿಯುವ ಕಾಲ. ಅರೇಬಿಕಾ ಕಾಫಿ ಗಿಡಗಳಲ್ಲಿ ಅಲ್ಲೊಂದು ಇಲ್ಲೊಂದು ಹಣ್ಣು ಕೆಂಪಾಗುತ್ತಿತ್ತು. ಹೊತ್ತು ಅಂದರೆ, ಎದುರು ನಿಂತವರ ಮುಖ ಆಗಷ್ಟೇ ಗುರುತು ಹತ್ತುವ ಬೆಳಗಿನ ಹೊತ್ತು.

ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ನೆಲ್ಲಿಹಡ್ಲು ಎಸ್ಟೇಟು. ಅಲ್ಲಿನ ಶಿಶುವಿಹಾರದ ಜಗಲಿಯ ಮೇಲೆ ದೇವೀರಮ್ಮ ಕಾಲು ಮಡಚಿ ಕೂತಿದ್ದಾರೆ. ಪಕ್ಕದಲ್ಲಿ ಬಿಸಿನೀರಿನ ಬಕೆಟ್ಟು, ಒಂದು ಬಟ್ಟಲು ಕೊಬ್ಬರಿ ಎಣ್ಣೆ. ತೊಡೆಯ ಮೇಲೆ ಪಾಪಮ್ಮನ ಪಾದ. ಪಾಪಮ್ಮ ಈ ತೋಟದಲ್ಲೇ ಹಣ್ಣು ಕೊಯ್ದು ಕೊಯ್ದು ಮುದುಕಿಯಾದವರು. ಮಳೆಗಾಲದ ಕೆಸರು, ಬೇಸಿಗೆಯ ಒಣನೆಲ ಎರಡೂ ಆ ಹಿಮ್ಮಡಿಯಲ್ಲಿ ಬಿರುಕಾಗಿ ಉಳಿದಿವೆ. ದೇವೀರಮ್ಮ ಬೆರಳನ್ನು ಎಣ್ಣೆಗೆ ಅದ್ದಿ ಒಂದೊಂದೇ ಬಿರುಕಿಗೆ ತುಂಬುತ್ತಾರೆ.

"ಬೇಗ ಮಾಡೇ ಮಾರಾಯ್ತಿ, ಗಂಟೆ ಹೊಡೀತಾರೆ," ಅನ್ನುತ್ತಾರೆ ಪಾಪಮ್ಮ.

"ಗಂಟೆ ಹೊಡೆಯೋನು ಇನ್ನೂ ಹಲ್ಲು ಉಜ್ತಾ ಇದಾನೆ. ಕಾಲು ಎಳ್ಕೋಬೇಡಿ."

"ನಿನಗೇನು ಗೊತ್ತು? ತಡ ಆದ್ರೆ ನಿನ್ನನ್ನ ಬೈತಾರಾ, ನನ್ನನ್ನ ಬೈತಾರಾ?"

ಗೋಡೆಗೆ ಒರಗಿ ಕೂತ ಬೊಮ್ಮಯ್ಯ ನಗುತ್ತಾರೆ. ಬೊಮ್ಮಯ್ಯ ಒಂದು ಕಾಲಕ್ಕೆ ಸಿಲ್ವರ್ ಓಕ್ ಮರಗಳ ತುದಿಗೆ ಹತ್ತಿ ಕೊಂಬೆ ಕಡಿಯುತ್ತಿದ್ದ ಆಳು. ಈಗ ಜಗಲಿಯ ಒಂದು ಮೆಟ್ಟಿಲು ಹತ್ತಬೇಕಾದರೂ ದೇವೀರಮ್ಮನ ಹೆಗಲು ಬೇಕು. "ಪಾಪಿ, ನೀನು ಹೋಗದಿದ್ರೆ ಕಾಫಿ ಗಿಡದಲ್ಲೇ ಕೂತ್ಕೊಂಡು ಅಳುತ್ತೆ ಕಣೆ," ಅಂತ ಕೆಣಕುತ್ತಾರೆ. "ನೀನು ಮರ ಬಿಟ್ಟು ಇಳಿದು ಮಾತಾಡು," ಅನ್ನುತ್ತಾರೆ ಪಾಪಮ್ಮ. ಅವರ ಪಾಲಿಗೆ ಬೊಮ್ಮಯ್ಯ ಇನ್ನೂ ಮರದ ಮೇಲೇ ಇದ್ದಾರೆ.

ಆ ದಿನ ಗಂಟೆ ಹೊಡೆಯಲಿಲ್ಲ. ಅಲ್ಲಿಂದಲೇ ಈ ಕಥೆ.

ತೋಟದ ಕಡೆಯವರಲ್ಲದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಎಸ್ಟೇಟಿನ ದಿನ ಶುರುವಾಗುವುದು ಮಸ್ಟರಿನಿಂದ. ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡನ್ನು ಬಡಿಯುತ್ತಾರೆ, ಆಳುಗಳೆಲ್ಲ ಕಣದ ಮುಂದೆ ಸೇರುತ್ತಾರೆ, ಲೆಕ್ಕ ಬರೆಯುವ ರೈಟರು ಒಬ್ಬೊಬ್ಬರ ಹೆಸರು ಕೂಗುತ್ತಾರೆ. "ಬಂದೆ ಅಯ್ಯಾ" ಅಂದರೆ ಹಾಜರಿ. ಹಾಜರಿ ಬಿದ್ದರೆ ಆ ದಿನಕ್ಕೆ ನೀವು ಮನುಷ್ಯರು. ಕೂಗಿ ಮುಗಿದ ಮೇಲೆ ಬಂದವರನ್ನು ವಾಪಸ್ ಕಳಿಸುತ್ತಿದ್ದರು. ನಾನೂ ಹಿಂದೆ ಅದೇ ತೋಟಕ್ಕೆ ಗೊಬ್ಬರ ಹೊತ್ತವನು. ವಾಪಸ್ ಹೋಗುವವರ ಬೆನ್ನು ಹೇಗಿರುತ್ತದೆ ಅಂತ ನೋಡಿದ್ದೇನೆ.

ಪಾಪಮ್ಮನಿಗೆ ಮರೆವು ಹತ್ತಿ ಮೂರು ನಾಲ್ಕು ವರ್ಷವಾಯಿತು. ಮಗ ನಿಂಗಯ್ಯ ಮೂಡಿಗೆರೆ ಸ್ಟ್ಯಾಂಡಿನಲ್ಲಿ ಜೀಪು ಓಡಿಸುತ್ತಾನೆ. ಸೊಸೆ ಅರುಣಾ ಅದೇ ತೋಟದ ಆಳು. ಮೂವರೂ ತೋಟದವರು ಆಳುಗಳಿಗೆ ಕೊಡುವ ಲೈನುಮನೆಯ ಒಂದೇ ಕೋಣೆಯಲ್ಲಿದ್ದರು. ಪಾಪಮ್ಮನಿಗೆ ಮಗ ಯಾರು ಅನ್ನುವುದು ಹೋಯಿತು, ಉಂಡದ್ದು ಹೋಯಿತು, ತನ್ನ ವಯಸ್ಸು ಹೋಯಿತು. ಮಸ್ಟರು ಮಾತ್ರ ಹೋಗಲಿಲ್ಲ. ಗಂಟೆ ಕೇಳಿದರೆ ಸೆರಗು ಬಿಗಿದು ಹೊರಟುಬಿಡುತ್ತಿದ್ದರು.

ದೇವೀರಮ್ಮ ಶಿಶುವಿಹಾರದ ಆಯಾ. ಆಳುಗಳು ತೋಟಕ್ಕೆ ಹೋದಾಗ ಅವರ ಕೂಸುಗಳನ್ನು ನೋಡಿಕೊಳ್ಳುವ ಕೆಲಸ. ಅದಕ್ಕೂ ಮುಂಚೆ ಕುದುರೆಮುಖದ ಆಸ್ಪತ್ರೆಯಲ್ಲಿ ವಾರ್ಡಿನ ಆಯಾ ಆಗಿದ್ದರು. ರೋಗಿಯನ್ನು ಮಗ್ಗುಲಾಗಿಸುವುದು, ನೋಯದಂತೆ ಎತ್ತಿ ಕೂರಿಸುವುದು, ನಾಚಿಕೆಯಾಗದಂತೆ ಬಟ್ಟೆ ಬದಲಿಸುವುದು, ಎಲ್ಲ ಅಲ್ಲಿ ಕಲಿತದ್ದು. ಗಣಿ ನಿಂತು ಊರು ಖಾಲಿಯಾದಾಗ ಗಂಡನ ಜೊತೆ ಈ ಕಡೆ ಬಂದರು. ಗಂಡ ತೀರಿಕೊಂಡ ಮೇಲೂ ಇಲ್ಲೇ ಉಳಿದರು.

ಕಾಲ ಕಳೆದ ಹಾಗೆ ಶಿಶುವಿಹಾರಕ್ಕೆ ಕೂಸುಗಳು ಕಡಿಮೆಯಾದವು. ಸ್ಕೂಲಿನ ವ್ಯಾನು ಗೇಟಿಗೇ ಬರುತ್ತದೆ, ಎರಡೂವರೆ ವರ್ಷಕ್ಕೆಲ್ಲ ಕಳಿಸುತ್ತಾರೆ. ಒಂದು ಆಷಾಢದ ಬೆಳಿಗ್ಗೆ ಅರುಣಾ ಅತ್ತೆಯನ್ನು ಮಳೆಗೆ ಹೊದೆಯುವ ಗೊರಬಿನೊಳಗೆ ಕರೆತಂದು ಜಗಲಿಯ ಮೇಲೆ ನಿಲ್ಲಿಸಿ, "ದೇವೀರಕ್ಕ, ಹ್ಯಾಗೂ ತೊಟ್ಟಿಲು ಖಾಲಿ ಐತೆ. ಇವ್ರನ್ನ ಬಿಟ್ಟು ಹೋಗ್ಲಾ?" ಅಂದಳು. ದೇವೀರಮ್ಮ ಹೂಂ ಅಂದರು. ಆಮೇಲೆ ಬೊಮ್ಮಯ್ಯ ಬಂದರು. ಆಮೇಲೆ ಇನ್ನೂ ನಾಲ್ಕೈದು ಮನೆಯವರು. ಈ ಕೆಲಸಕ್ಕೆ ಯಾರೂ ಹೆಸರಿಡಲಿಲ್ಲ, ಯಾರೂ ಅವರನ್ನು ನರ್ಸ್ ಅನ್ನಲಿಲ್ಲ. ಮಲಗಿ ಬೆನ್ನು ಹುಣ್ಣಾದ ಬೊಮ್ಮಯ್ಯನನ್ನು ಮತ್ತೆ ಎದ್ದು ಕೂರುವ ಹಾಗೆ ಮಾಡಿದ್ದು ಈ ಹೆಂಗಸಿನ ಕೈ. ಊರಲ್ಲಿ ಯಾರಿಗೂ ಅದು ದೊಡ್ಡ ಸಂಗತಿ ಅನ್ನಿಸಿಲ್ಲ.

"ಮೊದಮೊದಲು ಪಾಪಮ್ಮನವ್ರು ಓಡ್ತಾರೆ ಅಂತ ಬಾಗಿಲಿಗೆ ಅಗಳಿ ಹಾಕ್ತಿದ್ದೆ," ಅನ್ನುತ್ತಾರೆ ದೇವೀರಮ್ಮ. "ಅಂಗೈ ಊದ್ಕೊಳ್ಳೋ ತನಕ ಬಾಗಿಲು ಬಡಿದ್ರು. ಆಮೇಲೆ ಅನ್ನಿಸ್ತು, ನಾನು ಯಾಕೆ ಇವ್ರನ್ನ ಹಿಡ್ಕೋಬೇಕು? ಹೋಗ್ಲಿ. ನಾನೂ ಜೊತೆಗೆ ಹೋಗ್ತೀನಿ."

ಕೈ ಹಿಡಿದುಕೊಂಡು ಮಸ್ಟರಿಗೆ ಕರೆದೊಯ್ದರು. ರೈಟರ್ ಬಾಲರಾಜ್ ಹತ್ತಿರ, "ಒಂದು ಸಲ ಇವ್ರ ಹೆಸರು ಕೂಗಿಬಿಡಿ ಸಾರ್," ಅಂದರು. ಬಾಲರಾಜ್ ಮೊದಲು ನಕ್ಕರು. ಆಮೇಲೆ ಕೂಗಿದರು.

"ಬಂದೆ ಅಯ್ಯಾ!"

ಅಷ್ಟೇ. ಪಾಪಮ್ಮನ ಮೈಯ ಬಿಗಿಯೆಲ್ಲ ಇಳಿದುಹೋಯಿತು. ದೇವೀರಮ್ಮನ ಜೊತೆ ಜಗಲಿಗೆ ಬಂದು ಗಂಜಿ ಕುಡಿದರು. ಮೊರದಲ್ಲಿ ಸಿಪ್ಪೆ ತೆಗೆದು ಒಣಗಿಸಿದ ಒಂದಿಷ್ಟು ಪಾರ್ಚ್‌ಮೆಂಟ್ ಬೀಜ ಹಾಕಿ ಕೊಟ್ಟರೆ ಕಪ್ಪು ಬೀಜ ಆರಿಸುತ್ತಾ ಮಧ್ಯಾಹ್ನದವರೆಗೆ ತಮ್ಮಷ್ಟಕ್ಕೆ ಹಾಡಿಕೊಂಡರು. ಅಲ್ಲಿಂದ ಮುಂದೆ ಬಾಲರಾಜ್ ದಿನವೂ ಕಡೆಯ ಹೆಸರಾಗಿ ಪಾಪಮ್ಮನನ್ನು ಕೂಗುತ್ತಿದ್ದರು. ಯಾರಿಗೂ ಏನೂ ನಷ್ಟವಾಗಲಿಲ್ಲ. ಒಂದು ಮುದುಕಿ ಹೊಟ್ಟೆ ತುಂಬ ಉಣ್ಣುತ್ತಿತ್ತು.

ಆಮೇಲೆ ತೋಟ ಕೈ ಬದಲಾಯಿತು. ಹಳೇ ಗೌಡರ ಮನೆಯವರು ಮಾರಿದರು, ಯಾವುದೋ ಕಂಪನಿಯವರು ಕೊಂಡರು. ಹೊಸ ಮ್ಯಾನೇಜರ್ ಬಂದರು, ಚಿಕ್ಕ ವಯಸ್ಸಿನವರು. ಕೆಟ್ಟ ಮಾತಾಡಿದವರಲ್ಲ. "ಅಜ್ಜಿ, ತಿಂಡಿ ಆಯ್ತಾ?" ಅಂತ ಕೇಳಿಕೊಂಡೇ ಹೋಗುವವರು. ಬಂಗಲೆ ಹೋಂಸ್ಟೇ ಆಯಿತು. ಕಾರ್ತಿಕದಲ್ಲಿ ಕಣದ ಗೋಡೆಗೆ ಮುಖ ನೋಡಿ ಹಾಜರಿ ಹಾಕುವ ಮಿಷನ್ ಬಂತು. ಗಂಟೆ ನಿಂತಿತು. ಹೆಸರು ಕೂಗುವುದೂ ನಿಂತಿತು.

ಗಂಟೆ ಇಲ್ಲದಿದ್ದರೂ ಬೆಳಕು ಹರಿದದ್ದು ಪಾಪಮ್ಮನಿಗೆ ಗೊತ್ತಾಗುತ್ತದೆ. ಹೊರಟರು. ದೇವೀರಮ್ಮ ಹಿಂದೆಯೇ ಹೋದರು. ಆಳುಗಳು ಸಾಲಾಗಿ ನಿಂತು ಒಬ್ಬೊಬ್ಬರಾಗಿ ಮಿಷನ್ನಿನ ಮುಂದೆ ಮುಖ ಹಿಡಿಯುತ್ತಿದ್ದಾರೆ. ಒಳಗಿಂದ ಒಂದು ಹೆಣ್ಣು ದನಿ "ಥ್ಯಾಂಕ್ ಯೂ" ಅನ್ನುತ್ತದೆ. ಪಾಪಮ್ಮನೂ ಸಾಲಿಗೆ ನಿಂತರು. ಅವರ ಸರದಿ ಬಂತು. ಮುಂದೆ ಹೋಗಿ, ಕೈ ಮುಗಿದು, "ಬಂದೆ ಅಯ್ಯಾ" ಅಂದರು.

"ಪ್ಲೀಸ್ ಟ್ರೈ ಅಗೈನ್," ಅಂದಿತು ಮಿಷನ್ನು.

"ಏನಂತೆ?" ಪಾಪಮ್ಮ ತಿರುಗಿ ಕೇಳಿದರು.

"ನಿಲ್ಲಿ ಅಂತೆ," ಅಂದರು ದೇವೀರಮ್ಮ.

ನಿಂತರು. ಮತ್ತೆ ಅದೇ ಮಾತು. ಮತ್ತೆ ನಿಂತರು. ಹಿಂದೆ ಸಾಲು ಬೆಳೆಯಿತು. ಯಾರೋ ಹೊಸ ಹುಡುಗರು ಕಿಸಕ್ಕನೆ ನಕ್ಕರು. ಅರುಣಾ ಬಂದು ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು. ಪಾಪಮ್ಮ ಮಿಷನ್ನಿಗೆ ಇನ್ನೊಂದು ಸಲ ಕೈ ಮುಗಿದರು. ಇದನ್ನು ನನಗೆ ಹೇಳುವಾಗ ದೇವೀರಮ್ಮ ನನ್ನ ಮುಖ ನೋಡಲಿಲ್ಲ, ಅಕ್ಕಿ ಆರಿಸುತ್ತಿದ್ದರು.

ಆ ದಿನದಿಂದ ಪಾಪಮ್ಮ ಉಣ್ಣುವುದು ಬಿಟ್ಟರು. ಹಟ ಅಲ್ಲ. ಕೆಲಸ ಸಿಗದ ದಿನ ಉಣ್ಣುವುದು ಹೇಗೆ ಅನ್ನುವ ನಾಚಿಕೆ. ಗಂಜಿಯ ಬಟ್ಟಲು ಮುಂದಿಟ್ಟರೆ, "ಮಕ್ಕಳಿಗೆ ಕೊಡು, ನನಗೆ ಇವತ್ತು ಹಾಜರಿ ಇಲ್ಲ," ಅನ್ನುತ್ತಿದ್ದರು. ದೇವೀರಮ್ಮ ತಾವೇ ಹೆಸರು ಕೂಗಿ ನೋಡಿದರು. "ನೀನ್ಯಾರು ಕೂಗೋಕೆ?" ಅಂದರು ಪಾಪಮ್ಮ. ಅರುಣಾ ಮೊಬೈಲಿನಲ್ಲಿ ಬಾಲರಾಜ್ ದನಿ ಹಿಡಿದು ತಂದಳು. "ರೈಟ್ರು ಡಬ್ಬದೊಳಗೆ ಯಾಕೆ ಕೂತವ್ರೆ?" ಅಂದರು. ಸಂಜೆ ಸೊಸೆ ತಲೆ ಸವರಿ ಬಾಯಿಗಿಟ್ಟರೆ ಎರಡು ತುತ್ತು. ಸೊಂಟದ ಸೀರೆ ಜಾರುವಷ್ಟು ಸೊರಗಿಹೋದರು.

ದೇವೀರಮ್ಮ ಆಫೀಸಿಗೆ ಹೋದರು. ಬೆಳಿಗ್ಗೆ ಒಂದು ಸಲ ರೈಟರು ಹೆಸರು ಕೂಗಿದರೆ ಸಾಕು ಅಂತ ಕೇಳಿದರು. ಮ್ಯಾನೇಜರ್ ಸಮಾಧಾನವಾಗಿಯೇ ಉತ್ತರ ಕೊಟ್ಟರು. ರೋಲಿನಲ್ಲಿ, ಅಂದರೆ ಕಂಪನಿಯ ಆಳುಗಳ ಪಟ್ಟಿಯಲ್ಲಿ, ಇಲ್ಲದವರ ಹೆಸರು ಮಸ್ಟರಿನಲ್ಲಿ ಕೂಗಿದರೆ ಕೆಲಸಕ್ಕೆ ತೆಗೆದುಕೊಂಡ ಹಾಗಾಗುತ್ತದೆ, ಕಣದಲ್ಲಿ ಕಾಲು ಜಾರಿ ಬಿದ್ದರೆ ಕಂಪನಿಯ ತಲೆಗೆ ಬರುತ್ತದೆ, ಆಗುವುದಿಲ್ಲ ಅಂದರು. ಸ್ವಲ್ಪ ದಿನ ಬಿಟ್ಟು ಅವರೇ ಜಗಲಿಗೆ ಬಂದರು. ಕ್ರಿಸ್‌ಮಸ್ ರಜೆಗೆ ಹೋಂಸ್ಟೇ ತುಂಬಿತ್ತು. "ಆಯಮ್ಮ, ನೀವು ಹೇಳಿದ್ದು ಯೋಚನೆ ಮಾಡ್ದೆ. ಗೆಸ್ಟ್‌ಗಳಿಗೆ ಹಳೇ ಕಾಲದ ಮಸ್ಟರ್ ತೋರಿಸೋಣ ಅಂತಿದೀವಿ. ಹತ್ತು ಗಂಟೆಗೆ. ಅಜ್ಜಿ ಹೆಸರು ಕೂಗ್ಸೋಣ. ಅಜ್ಜಿಗೂ ಖುಷಿ."

ದೇವೀರಮ್ಮ ಒಪ್ಪಿದರು.

"ಒಪ್ಪಿದ್ದು ನಾನೇ," ಅನ್ನುತ್ತಾರೆ. "ಯಾವಾಗಾದ್ರೂ ಕೂಗ್ಲಿ, ಉಣ್ತಾರಲ್ಲ ಅಂದ್ಕೊಂಡೆ. ಹತ್ತು ಗಂಟೆ ಅಂದ್ರೆ ಎಂತ ಅಂತ ನನಗೆ ಹೊಳೀಲಿಲ್ಲ. ನಾನು ಮಸ್ಟರಿಗೆ ನಿಂತವಳಲ್ಲ ನೋಡಿ, ಆಸ್ಪತ್ರೆಯವಳು."

ಆ ದಿನ ಪಾಪಮ್ಮನಿಗೆ ಹೊಸ ಚೌಕಳಿ ಸೀರೆ ಉಡಿಸಿದರು, ಸೊಂಟಕ್ಕೆ ಬುಟ್ಟಿ ಕಟ್ಟಿದರು. ರೈಲುಕಂಬಿಯನ್ನು ಬಂಗಲೆಯ ಊಟದ ಕೋಣೆಯ ಪಕ್ಕ ತೂಗುಹಾಕಿದ್ದರು. ಗೆಸ್ಟ್‌ಗಳ ಮಗುವೊಂದು ಅದನ್ನು ಢಣಢಣ ಬಡಿಯಿತು. ಜಗಲಿಯಲ್ಲಿದ್ದ ಪಾಪಮ್ಮ ದಡಕ್ಕನೆ ಎದ್ದರು. ಅಂಗಳಕ್ಕಿಳಿದು ತಲೆ ಎತ್ತಿ ಸೂರ್ಯನನ್ನು ನೋಡಿದರು, ಕಾಲಡಿಯ ನೆರಳು ನೋಡಿದರು.

"ಅಯ್ಯಯ್ಯೋ, ಹೊತ್ತೇರಿ ಹೋಯ್ತಲ್ಲೇ!"

ದೇವೀರಮ್ಮ ಹಿಡಿಯುವಷ್ಟರಲ್ಲಿ ಓಡಿದರು. ಆ ಕಾಲಲ್ಲಿ ಓಡಿದರು. ಬಂಗಲೆಯ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಜನ ಕಾಫಿ ಕುಡಿಯುತ್ತಿದ್ದರು. ಬಾಲರಾಜ್‌ಗೆ ತಲೆಗೊಂದು ರುಮಾಲು ಸುತ್ತಿ, ಕೈಗೊಂದು ಹಳೇ ಪುಸ್ತಕ ಕೊಟ್ಟು ನಿಲ್ಲಿಸಿದ್ದರು. ಪಾಪಮ್ಮ ಹೋಗಿ ಅವರ ಕಾಲ ಮೇಲೆ ಬಿದ್ದರು.

"ಅಯ್ಯಾ, ತಡ ಆಯ್ತು ಅಯ್ಯಾ. ಮಗಿಗೆ ಮೈ ಸುಡ್ತಿತ್ತು, ರಾತ್ರಿ ಎಲ್ಲ ಎತ್ಕೊಂಡೇ ಇದ್ದೆ. ವಾಪಸ್ ಕಳಿಸ್ಬೇಡಿ ಅಯ್ಯಾ. ಇನ್ನೊಂದ್ಸಲ ಹಿಂಗಾಗಲ್ಲ."

ಬಾಲರಾಜ್ ಪುಸ್ತಕ ತೆರೆಯಲೇ ಇಲ್ಲ. ಮ್ಯಾನೇಜರ್ ದೂರದಿಂದ, ಕೂಗಿ ಕೂಗಿ ಅಂತ ಕೈಸನ್ನೆ ಮಾಡುತ್ತಿದ್ದರು. ಮುಂದೆ ಕೂತ ಹೆಂಗಸೊಬ್ಬರು ಪಕ್ಕದವರಿಗೆ, "ಎಷ್ಟು ಚೆನ್ನಾಗಿ ಆ್ಯಕ್ಟ್ ಮಾಡ್ತಾರೆ ಅಲ್ವಾ!" ಅಂದರು. ಜನ ಮೊಬೈಲು ಎತ್ತಿ ಹಿಡಿದರು. ಚಪ್ಪಾಳೆ ತಟ್ಟಿದರು.

ಮೈ ಸುಡುತ್ತಿದ್ದ ಆ ಮಗು ನಿಂಗಯ್ಯ. ಅದು ನಡೆದದ್ದು ನಿಜ, ನಲವತ್ತು ವರ್ಷದ ಹಿಂದೆ. ಆ ದಿನ ಪಾಪಮ್ಮನನ್ನು ವಾಪಸ್ ಕಳಿಸಿದ್ದರು. ಹಾಜರಿ ತಪ್ಪಿದ್ದು ಮನೆಯಲ್ಲಿ ಅತ್ತೆಗೆ ಗೊತ್ತಾಗಬಾರದು ಅಂತ ಗೊಬ್ಬರದ ಗುಂಡಿಯ ಹಿಂದೆ ಸಂಜೆಯವರೆಗೂ ಬರಿಹೊಟ್ಟೆಯಲ್ಲಿ ಕೂತಿದ್ದರು. ನಾನು ಗೊಬ್ಬರದ ಕುಕ್ಕೆ ಇಳಿಸಲು ಹೋದಾಗಲೆಲ್ಲ ಮುಖ ಆ ಕಡೆ ತಿರುಗಿಸುತ್ತಿದ್ದರು. ಒಬ್ಬ ಹೆಂಗಸಿನ ಇಡೀ ಜೀವಮಾನದ ಅವಮಾನವನ್ನು ಕೆದಕಿ ತಂದು, ಕಾಫಿ ಜೊತೆ ನೋಡಲು ಬಡಿಸಿದರು. ಬೇಕಂತ ಮಾಡಿದ್ದಲ್ಲ ಅನ್ನುತ್ತಾರೆ. ಇರಬಹುದು. ಹತ್ತು ಗಂಟೆಗೆ ಮಸ್ಟರಿಗೆ ಬರುವವಳು ಯಾರು ಅಂತ ಆ ಅಂಗಳದಲ್ಲಿ ಒಬ್ಬರೂ ಕೇಳಿಕೊಳ್ಳಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ದೇವೀರಮ್ಮ ಏದುಸಿರು ಬಿಡುತ್ತಾ ಬಂದು, ಪಾಪಮ್ಮನನ್ನು ಎತ್ತಿ, ಸೊಂಟದ ಬುಟ್ಟಿ ಬಿಚ್ಚಿ ಅಲ್ಲೇ ಇಟ್ಟು ಕರೆದುಕೊಂಡು ಹೋದರು. ಮಧ್ಯಾಹ್ನ ಆಫೀಸಿಗೆ ಹೋದರು. ಇಷ್ಟು ವರ್ಷದಲ್ಲಿ ಅವರು ದನಿ ಎತ್ತಿದ್ದನ್ನು ಕೇಳಿದವರಿಲ್ಲ. ಆ ದಿನವೂ ಎತ್ತಲಿಲ್ಲವಂತೆ. ಬಾಲರಾಜ್ ಅಲ್ಲೇ ಮೇಜಿನ ಹಿಂದೆ ಇದ್ದರು, ಅವರೇ ನನಗೆ ಹೇಳಿದ್ದು.

"ನಾಳೆಯಿಂದ ಪಾಪಮ್ಮನವ್ರು ಅಲ್ಲಿಗೆ ಬರಲ್ಲ ಸಾರ್," ಅಂದರು ದೇವೀರಮ್ಮ.

"ಯಾಕಮ್ಮ? ಎಲ್ರಿಗೂ ಎಷ್ಟು ಇಷ್ಟ ಆಯ್ತು."

"ಅವ್ರಿಗೆ ಆಗ್ಲಿಲ್ಲ."

"ಹೆಸರು ಕೂಗ್ಬೇಕು ಅಂದಿದ್ದು ನೀವೇ ಅಲ್ವಾ?"

"ಬೆಳಿಗ್ಗೆ ಕೂಗಿ ಅಂದೆ. ಬೆಳಿಗ್ಗೆ ಕೂಗಿದ್ರೆ ಕೆಲಸಕ್ಕೆ ತಗೊಂಡ ಹಾಗೆ ಅಂದ್ರಿ. ಹತ್ತು ಗಂಟೆಗೆ ಗೆಸ್ಟ್ ಮುಂದೆ ಕೂಗ್ಸೋಕೆ ಹೊರಟ್ರಲ್ಲ ಸಾರ್, ಅದು ಎಂತಕ್ಕೆ ತಗೊಂಡ ಹಾಗೆ?"

ಮ್ಯಾನೇಜರ್, ಮಸ್ಟರಿನ ಜಾಗದಲ್ಲಿ ಬೇಡ, ಶಿಶುವಿಹಾರದಲ್ಲಿ ಏನು ಬೇಕಾದರೂ ಮಾಡಿಕೊಳ್ಳಿ, ರೈಟರು ಡ್ಯೂಟಿಗೆ ಮುಂಚೆ ಬಂದರೆ ಬರಲಿ ಅಂದರು. ಅಷ್ಟು ಸಿಕ್ಕಿತು.

ಮರುದಿನ ಬಾಲರಾಜ್ ಬೆಳಕು ಹರಿಯುವ ಹೊತ್ತಿಗೇ ಜಗಲಿಗೆ ಬಂದರು. ದೇವೀರಮ್ಮ ಸೌಟಿನಿಂದ ಬಕೆಟ್ಟು ಬಡಿದು ಗಂಟೆ ಮಾಡಿದರು. ಪಾಪಮ್ಮ ಬಂದು ನಿಂತು ಆಚೀಚೆ ನೋಡಿದರು. ಉಳಿದ ಆಳುಗಳು ಎಲ್ಲಿ? ಅವರಿಗೆ ಅನುಮಾನ. ಆಗ ಬಾಲರಾಜ್‌ಗೆ ಒಂದು ಉಪಾಯ ಹೊಳೆಯಿತು. ಪಾಪಮ್ಮನ ಹಳೆಯ ಗುಂಪಿನ ಹೆಸರುಗಳನ್ನೇ ಕೂಗಿದರು. "ಚೆನ್ನಮ್ಮಾ!" ಚೆನ್ನಮ್ಮ ತೀರಿಹೋಗಿ ಎಷ್ಟೋ ಕಾಲವಾಗಿದೆ. ಬೊಮ್ಮಯ್ಯ ಗೋಡೆಯ ಹಿಂದಿನಿಂದ ದನಿ ಸಣ್ಣ ಮಾಡಿ, "ಬಂದೆ ಅಯ್ಯಾ," ಅಂದರು.

"ಚೆನ್ನಿಗೆ ಗಂಟಲು ಕಟ್ಟಿದೆ, ಕೇಳಿದ್ಯಾ?" ಅಂತ ಪಾಪಮ್ಮ ದೇವೀರಮ್ಮನ ಕಿವಿಯಲ್ಲಿ ಹೇಳಿದರು. "ಮೆಣಸಿನ ಕಷಾಯ ಕೊಡು ಅವಳಿಗೆ."

ಆಮೇಲೆ ಅವರ ಹೆಸರು ಬಂತು. ಓಗೊಟ್ಟರು. ಆ ಬೆಳಿಗ್ಗೆ ಎರಡು ಬಟ್ಟಲು ಗಂಜಿ ಕುಡಿದರು. ಬೊಮ್ಮಯ್ಯ ಆ ದಿನದಿಂದ ದಿನವೂ ನಾಲ್ಕು ಹೆಂಗಸರ ದನಿ ಮಾಡಬೇಕಾಯಿತು. "ಈ ವಯಸ್ಸಲ್ಲಿ ನನಗೆ ನಾಲ್ಕು ಸೀರೆ ಕೊಡ್ಸಿ ಮತ್ತೆ," ಅಂತ ಗೊಣಗುತ್ತಿದ್ದರು. ಪಾಪಮ್ಮನ ಕೆನ್ನೆ ಮತ್ತೆ ತುಂಬಿಕೊಂಡಿತು.

ಹೀಗೆ ನಡೆದದ್ದು ಸಂಕ್ರಾಂತಿಯವರೆಗೆ. ಹಬ್ಬ ಕಳೆದ ಮೇಲೆ ಎರಡು ಸುದ್ದಿ ಒಟ್ಟಿಗೆ ಬಂದವು. ಶಿಶುವಿಹಾರದಲ್ಲಿ ಕೂಸುಗಳಿಲ್ಲ, ಅದು ಗೆಸ್ಟ್‌ಗಳು ಕಾಫಿ ರುಚಿ ನೋಡುವ ಕೋಣೆ ಆಗುತ್ತದೆ, ಆಯಾ ಇನ್ನು ಬೇಡ. ಲೈನುಮನೆಯ ಕೆಳಗಿನ ಸಾಲು ಕೂಡ ಹೋಂಸ್ಟೇಗೆ ಸೇರುತ್ತದೆ. ಅಲ್ಲಿದ್ದ ಆಳುಗಳಿಗೆ ಮೇಲಿನ ಡಿವಿಜನ್ನಿನಲ್ಲಿ ಹೊಸ ಕೋಣೆ. ಹೊಸ ಕೋಣೆ ರೋಲಿನಲ್ಲಿ ಇರುವವರಿಗೆ ಮಾತ್ರ. ಅರುಣಾ ಹೋಗಬಹುದು. ಅತ್ತೆಗೆ ಜಾಗವಿಲ್ಲ. ಬೊಮ್ಮಯ್ಯನಿಗೂ ಇಲ್ಲ.

ಈ ಬೆಟ್ಟದ ಕಾಫಿ ದೇಶ ವಿದೇಶಕ್ಕೆ ಹೋಗುತ್ತದೆ. ಅದನ್ನು ಕೊಯ್ದ ಕೈಗೆ, ಕೊಯ್ಯಲು ಆಗದ ದಿನ, ಅದೇ ಬೆಟ್ಟದಲ್ಲಿ ಚಾಪೆ ಹಾಸುವಷ್ಟು ಜಾಗ ಇಲ್ಲ. ಯಾರೂ ಯಾರನ್ನೂ ಬೈಯಲಿಲ್ಲ, ತಳ್ಳಲಿಲ್ಲ. ಎಲ್ಲ ನಯವಾಗಿ, ನಗುನಗುತ್ತಾ ಹೇಳಿದರು. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಹಳೇ ಕಾಲದ ಧಣಿಗಳು ಒಳ್ಳೆಯವರಿದ್ದರು ಅಂತ ನಾನು ಹೇಳುವುದಿಲ್ಲ, ಪಾಪಮ್ಮನನ್ನು ವಾಪಸ್ ಕಳಿಸಿದ್ದು ಅವರ ಕಾಲದಲ್ಲೇ. ಆದರೂ ಅವರು ಆ ಹೆಂಗಸಿನ ಹೆಸರನ್ನಾದರೂ ಬಾಯಲ್ಲಿ ಕೂಗುತ್ತಿದ್ದರು.

ಅರುಣಾ ಒಂದು ರಾತ್ರಿಯೂ ಯೋಚನೆ ಮಾಡಲಿಲ್ಲ. "ಅತ್ತೆ ಇಲ್ಲದ ಕೋಣೆ ನಂಗೆ ಬೇಡ," ಅಂದಳು. ನಿಂಗಯ್ಯ ಬಣಕಲ್‌ನಲ್ಲಿ ಪಂಕ್ಚರ್ ಅಂಗಡಿಯ ಹಿಂದೆ ಒಂದು ಮನೆ ನೋಡಿದ. ಅದರ ಪಕ್ಕದ್ದು ದೇವೀರಮ್ಮನಿಗೆ. ಬೊಮ್ಮಯ್ಯ, "ನಾನು ನಾಲ್ಕು ಜನ ಆಳಿನ ಸಮ, ನನ್ನ ಬಿಟ್ಟು ಹೋದ್ರೆ ಮಸ್ಟರು ನಡಿಯಲ್ಲ," ಅಂತ ತಾವೇ ಹೊರಟರು.

ಆದರೆ ಪಾಪಮ್ಮನನ್ನು ಹೊರಡಿಸುವುದು ಹೇಗೆ? ಮದುವೆಯಾಗಿ ಬಂದಾಗಿನಿಂದ ಆ ಕೋಣೆ ಬಿಟ್ಟು ಬೇರೆ ಕಡೆ ಮಲಗಿದವರಲ್ಲ. ದೇವೀರಮ್ಮನಿಗೆ ಕುದುರೆಮುಖ ನೆನಪಿದೆ. "ಊರು ಖಾಲಿ ಆಗುವಾಗ ನಮ್ಮ ಪಕ್ಕದ ಮನೆ ಅಜ್ಜ ಬಾಗಿಲ ಚೌಕಟ್ಟು ಹಿಡ್ಕೊಂಡ್ರು. ಮಕ್ಕಳು ಒಂದೊಂದೇ ಬೆರಳು ಬಿಡಿಸಿ ಲಾರಿ ಹತ್ತಿಸಿದ್ರು. ಹೊಸ ಊರಲ್ಲಿ ಆ ಅಜ್ಜ ಒಂದು ಮಾತೂ ಆಡ್ಲಿಲ್ವಂತೆ. ಅದು ನನಗೆ ಈಗ್ಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಪಾಪಮ್ಮನವ್ರಿಗೆ ಯಾರೋ ಹೊರಗೆ ಹಾಕಿದ್ರು ಅನ್ನಿಸ್ಬಾರ್ದು."

ನಿಮಗೇನು ಬೇಕು ದೇವೀರಮ್ಮ ಅಂತ ಕೇಳಿದೆ. "ಎಂತ ಬೇಕು ನನಗೆ? ವಯಸ್ಸಾದವ್ರನ್ನ ಕುರ್ಚಿ ಎತ್ತಿಟ್ಟ ಹಾಗೆ ಎತ್ತಿಡಬಾರ್ದು. ಅವ್ರ ಕಾಲಲ್ಲೇ ಅವ್ರು ನಡೀಬೇಕು. ಜೊತೆಗೆ ಯಾರಾದ್ರೂ ಇದ್ರೆ ನಡೀತಾರೆ," ಅಂದರು.

ತೋಟದಲ್ಲಿ ಹಿಂದೆ ಇನ್ನೊಂದು ಪದ್ಧತಿ ಇತ್ತು. ದೂರದ ತುಂಡಿನಲ್ಲಿ ಹಣ್ಣು ಮಾಗಿದರೆ, ಹಾಜರಿ ಕೂಗಿದ ಮೇಲೆ ರೈಟರು ಒಂದಿಷ್ಟು ಆಳುಗಳನ್ನು ಆರಿಸಿ, "ಜೀಪ್ ಹತ್ತಿ" ಅನ್ನುತ್ತಿದ್ದರು. ಒಳ್ಳೆಯ ಕೈ ಇದ್ದವರಿಗೆ ಮಾತ್ರ ಆ ಮಾತು. ಜೀಪ್ ಹತ್ತಿದ ಹೆಂಗಸರು ಆ ದಿನವೆಲ್ಲ ಬೀಗುತ್ತಿದ್ದರು. ದೇವೀರಮ್ಮ ಬಾಲರಾಜ್ ಹತ್ತಿರ ಹೋಗಿ ಒಂದೇ ಒಂದು ಉಪಕಾರ ಕೇಳಿದರು. ಜಗಲಿಯಲ್ಲಿ ಅಲ್ಲ, ಕಣದಲ್ಲೇ ಆಗಬೇಕು ಅಂದರು.

"ಕೆಲಸ ಹೋದ್ರೆ?" ಅಂದರು ಬಾಲರಾಜ್.

"ಹೋದ್ರೆ ಬಣಕಲ್‌ಗೆ ಬನ್ನಿ. ನಿಮಗೂ ವಯಸ್ಸಾಗುತ್ತಲ್ಲ, ನಾನೇ ನೋಡ್ಕೊಳ್ತೀನಿ."

ಬಾಲರಾಜ್ ಬಂದರು. ಆಳುಗಳು ಮಿಷನ್ನಿನ ಮುಂದೆ ಸಾಲು ನಿಂತಿದ್ದ ಹೊತ್ತಿಗೆ ಪಕ್ಕದಲ್ಲಿ ನಿಂತು, ಗಂಟಲು ತೆರೆದು ಹೆಸರು ಕೂಗತೊಡಗಿದರು. ಚೆನ್ನಮ್ಮ. ತಿಮ್ಮಕ್ಕ. ಸತ್ತವರ ಹೆಸರುಗಳು. ಆ ದಿನ ಬೊಮ್ಮಯ್ಯ ದನಿ ಸಣ್ಣ ಮಾಡಬೇಕಾಗಲಿಲ್ಲ. ಸಾಲಿನಲ್ಲಿದ್ದ ಹೆಂಗಸರೇ ಒಬ್ಬೊಬ್ಬರಾಗಿ ಓಗೊಟ್ಟರು. ಮ್ಯಾನೇಜರ್ ಆಫೀಸಿನ ಬಾಗಿಲಿಗೆ ಬಂದು ನಿಂತರು, ಒಳಗೆ ಹೋದರು.

"ಪಾಪಮ್ಮಾ!"

"ಬಂದೆ ಅಯ್ಯಾ!"

"ಇವತ್ತು ನಿಮಗೆ ದೂರದ ತೋಟ. ಜೀಪ್ ಹತ್ತಿ."

ಪಾಪಮ್ಮ ಸೆರಗು ಕೊಡವಿ ನಡೆದರು. ಚೌಕಟ್ಟು ಹಿಡಿಯಲಿಲ್ಲ, ಹಿಂದೆ ತಿರುಗಿ ನೋಡಲಿಲ್ಲ. ದೇವೀರಮ್ಮನ ಹೆಗಲ ಮೇಲೊಂದು ಕೈ ಇಟ್ಟು ಜೀಪಿನ ಮುಂದಿನ ಸೀಟು ಹತ್ತಿ ಕೂತರು. ಹಿಂದೆ ಅರುಣಾ ಪಾತ್ರೆ, ಚಾಪೆ ತುಂಬುತ್ತಿದ್ದಳು.

"ಕೆಲಸಕ್ಕೆ ಹೋಗೋಕೆ ಕೊಡಪಾನ ಯಾಕೆ ಕಣೆ?"

"ಅಲ್ಲೇ ಅಡಿಗೆ ಅತ್ತೆ, ಇವತ್ತು."

"ಹಂಗಾದ್ರೆ ಉಪ್ಪು ತಗೋ. ಹೋದ ಸಲ ಮರ್ತಿದ್ದೆ." ಆಮೇಲೆ ಮಗನ ಕಡೆ ತಿರುಗಿ, "ಡ್ರೈವರಣ್ಣ, ಮೋರಿ ಹತ್ರ ಗುಂಡಿ ಐತೆ, ನಿಧಾನ," ಅಂದರು. ನಿಂಗಯ್ಯ ರಸ್ತೆ ನೋಡುತ್ತಾ, "ಆಯ್ತು ಅಮ್ಮಾ," ಅಂದ.

ಗೇಟಿನಲ್ಲಿ ಹೊಸ ವಾಚ್‌ಮನ್ ಅಡ್ಡ ಬಂದು, ಯಾರು ಎತ್ತ ಅಂತ ಕೇಳಿದ. ದೇವೀರಮ್ಮ ಬಾಯಿ ತೆರೆಯುವ ಮುಂಚೆ ಪಾಪಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಬಿಡಪ್ಪಾ ದಾರಿ. ನಮ್ದು ಹಾಜರಿ ಆಗೈತೆ."

ಗೇಟು ತೆಗೆದ. ರೊಬಸ್ಟಾ ಇನ್ನೂ ಅರ್ಧಕ್ಕರ್ಧ ಗಿಡದಲ್ಲೇ ಇತ್ತು. ನೆಲ್ಲಿಹಡ್ಲು ಎಸ್ಟೇಟಿನಿಂದ ಪಾಪಮ್ಮ, ಬೊಮ್ಮಯ್ಯ, ಅರುಣಾ, ನಿಂಗಯ್ಯ, ಅವರೆಲ್ಲರ ಹಿಂದೆ ಮೂಟೆಗಳ ನಡುವೆ ಎಣ್ಣೆ ಬಟ್ಟಲು ಹಿಡಿದು ಕೂತ ದೇವೀರಮ್ಮ, ಹೋದದ್ದು ಜನವರಿಯ ಕಡೆಯ ಗುರುವಾರ.